ಮೊದಲ ನೀರಿನ ಮರ್ಯಾದೆ

ನನಗೆ ಜಂಬ ಜಾಸ್ತಿ ಎಂದು ನಮ್ಮ ಯಜಮಾನರು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾರೆ. ಇರಲಿ ಬಿಡಿ, ಇದ್ದವರು ತಾನೇ ಪಡಬೇಕು! ಒಡವೆ, ಸೀರೆಗಳ ವಿಷಯದಲ್ಲಿ ನನಗೆ ಅಂಥದ್ದೇನೂ ಇಲ್ಲ. ಕಾಫಿಯ ಮಾತು ಬಂತೋ, ಆಗ ನಾನು ಮೈಸೂರಿನ ಮಗಳು. ನಮ್ಮ ತವರಿನಲ್ಲಿ ಮನುಷ್ಯರನ್ನು ಅಳೆಯುತ್ತಿದ್ದದ್ದೇ ಡಿಕಾಕ್ಷನ್ನಿನಿಂದ. ಫಿಲ್ಟರಿನಿಂದ ಇಳಿದ ಮೊದಲ ಡಿಕಾಕ್ಷನ್ ಅತಿಥಿಗೆ. ಅದೇ ಪುಡಿಯ ಮೇಲೆ ಮತ್ತೆ ನೀರು ಹುಯ್ದು ಇಳಿಸಿದ ಎರಡನೆಯದು ಮನೆಯವರಿಗೆ ಮತ್ತು ಕೂತಲ್ಲಿಂದ ಏಳಲೊಲ್ಲದ ನೆಂಟರಿಗೆ. ಬೀಗರು ಎರಡನೇ ಡಿಕಾಕ್ಷನ್ ಕಾಫಿ ಕೊಟ್ಟರೆಂದು ನನ್ನ ಸೋದರತ್ತೆಯೊಬ್ಬರು ಮತ್ತೆಂದೂ ಅವರ ಬೀದಿಗೆ ಕಾಲಿಡಲಿಲ್ಲ. ಇಂಥ ವಂಶದವಳನ್ನು ತಂದು ಯಜಮಾನರು ಸ್ವೀಡನ್ನಿನ ವೆಸ್ಟೆರಾಸಿನಲ್ಲಿ ಕೂರಿಸಿದರು.

ಎರಡು ಸಾವಿರದ ಐದೋ ಆರೋ ಇಸವಿ. ಇವರು ಟ್ರಾನ್ಸ್‌ಫಾರ್ಮರ್ ಮಾಡುವ ಕಂಪನಿಗೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದರು. ನಾನು ಸ್ವೀಡಿಷ್ ಕಲಿಯುವ ತರಗತಿಗೆ ಸೇರಿಕೊಂಡೆ. ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳು ಚೀನಾದ ಲಿನ್. ಇಬ್ಬರಿಗೂ ಭಾಷೆ ಬರುತ್ತಿರಲಿಲ್ಲ, ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಫಿಕಾ ಎಂದು ಅಲ್ಲಿಯವರು ಕರೆಯುವ ಕಾಫಿ ಬಿಡುವಿನಲ್ಲಿ ಕೊಡುತ್ತಿದ್ದ ಮೆಷಿನ್ ಕಾಫಿಯನ್ನು ಒಟ್ಟಿಗೆ ಬೈಯುತ್ತಿದ್ದೆವು. ಆ ಊರಿನಲ್ಲಿ, ಮನೆಯಿಂದಾಚೆ, ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ.

ಒಂದು ಭಾನುವಾರ ಲಿನ್ ನಮ್ಮಿಬ್ಬರನ್ನೂ ಚಹಾಕ್ಕೆ ಕರೆದಳು. ಮೊದಲು ಚರಿತ್ರೆ. ಹಿಂದೆ ಅವರ ರಾಜನೊಬ್ಬ ಮರದ ಕೆಳಗೆ ನೀರು ಕಾಯಿಸುತ್ತಿದ್ದಾಗ ಎಲೆಯೊಂದು ಹಾರಿಬಂದು ಬಿತ್ತಂತೆ. ನಾವಾಗಿದ್ದರೆ ನೀರು ಚೆಲ್ಲಿ ಪಾತ್ರೆ ತೊಳೆಯುತ್ತಿದ್ದೆವು. ಆ ಪುಣ್ಯಾತ್ಮ ಕುಡಿದೇಬಿಟ್ಟ, ಅದೇ ಚಹಾ ಆಯಿತು. ಆಮೇಲೆ ಆರೋಗ್ಯ. ಉಂಡದ್ದು ಅರಗುತ್ತದೆ, ಮನಸ್ಸು ತಿಳಿಯಾಗುತ್ತದೆ, ಕೊಬ್ಬು ಕರಗುತ್ತದೆ ಎಂದಳು. ಕೊನೆಯದನ್ನು ಹೇಳುವಾಗ ಅವಳ ಕಣ್ಣು ನಮ್ಮವರ ಹೊಟ್ಟೆಯ ಮೇಲಿತ್ತು, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಬೊಗಸೆಯಷ್ಟೇ ಇದ್ದ ಮಣ್ಣಿನ ಕುಡಿಕೆಗೆ ಎಲೆ ಹಾಕಿ ಬಿಸಿನೀರು ಹುಯ್ದಳು. ಹಾಲಿಲ್ಲ, ಸಕ್ಕರೆಯಿಲ್ಲ. ಘಮ್ಮೆಂದಿತು. ಕೈ ಚಾಚಬೇಕು ಅನ್ನುವಷ್ಟರಲ್ಲಿ ಅದನ್ನಷ್ಟೂ ಚೆಲ್ಲಿಬಿಟ್ಟಳು! ಅದೇ ಎಲೆಗೆ ಮತ್ತೆ ನೀರು ಹುಯ್ದು, ಆ ಎರಡನೆಯದನ್ನು ನಗುನಗುತ್ತಾ ನನ್ನ ಕೈಗಿಟ್ಟಳು. ಹೊರಡುವಾಗ ಒಂದು ಪೊಟ್ಟಣ ಚಹಾ ಎಲೆಯನ್ನೂ ಕೊಟ್ಟಳು.

ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. "ಅವ್ರ ಪದ್ಧತಿ ಇರ್ಬೋದು ಕಣೇ," ಎಂದರು ಇವರು.

"ಪದ್ಧತಿಯಂತೆ ಪದ್ಧತಿ! ಚೆಲ್ಲಿದ್ರೂ ಸರಿ, ನಿಮಗೆ ಮಾತ್ರ ಮೊದಲನೇದು ಕೊಡಲ್ಲ ಅಂದ ಹಾಗಾಯ್ತಲ್ಲ ರೀ!"

ಅತಿಥಿ ಸತ್ಕಾರ ಅಂದರೇನು ಅಂತ ಅವಳಿಗೆ ತೋರಿಸಬೇಕಲ್ಲ? ಮುಂದಿನ ಭಾನುವಾರ ಮನೆಗೆ ಕರೆದೆ. ಅವಳದೇ ಎಲೆ, ಅವಳದೇ ಕ್ರಮ. ಆದರೆ ಮೊದಲ ನೀರನ್ನು ಒಂದು ಹನಿಯೂ ಚೆಲ್ಲದೆ ಎರಡೂ ಕೈಯಲ್ಲಿ ಅವಳಿಗೆ ಕೊಟ್ಟು, ಎರಡನೆಯದನ್ನು ನಾವು ಇಟ್ಟುಕೊಂಡೆವು. ಲಿನ್‌ಳ ಮುಖ ಸಪ್ಪಗಾಯಿತು. ಕಪ್ಪನ್ನು ಮುಟ್ಟಲಿಲ್ಲ, ಏನೋ ಕೆಲಸವಿದೆ ಎಂದು ಎದ್ದು ಹೋದಳು. ಮರುದಿನ ತರಗತಿಯಲ್ಲಿ ದೂರದ ಬೆಂಚಿನಲ್ಲಿ ಕೂತಳು.

ನನಗೆ ಜಂಬವೇನೋ ಉಳಿಯಿತು, ಮಾತಾಡಲು ಜನ ಉಳಿಯಲಿಲ್ಲ. ಹೊರಗೆ ಹಿಮ, ಒಳಗೆ ಗೋಡೆ. ಮೆಷಿನ್ ಕಾಫಿ ಬೈಯುವುದಕ್ಕೂ ಜೊತೆ ಬೇಕು ಸ್ವಾಮಿ! ಕೊನೆಗೆ ತಡೆಯಲಾರದೆ ಬಸ್ ನಿಲ್ದಾಣದಲ್ಲಿ ಅವಳ ತೋಳು ಹಿಡಿದು ನಿಲ್ಲಿಸಿದೆ. "ನನ್ನ ಮೇಲೆ ಯಾಕೆ ಸಿಟ್ಟು?"

ಅವಳ ಕಣ್ಣು ತುಂಬಿಬಂತು. "ಎಲೆ ತೊಳೆದ ನೀರನ್ನ ನನಗೆ ಕೊಟ್ಟೆ. ಒಳ್ಳೇದನ್ನ ನೀವು ಕುಡಿದ್ರಿ. ನಾನು ನಿನಗೇನು ಮಾಡಿದ್ದೆ?"

ಅಯ್ಯೋ ದೇವರೇ! ಮೊದಲ ನೀರು ಎಲೆಯ ಧೂಳು ತೊಳೆದು ಅದನ್ನು ಅರಳಿಸುವುದಕ್ಕಂತೆ. ರುಚಿ ಇರುವುದು ಎರಡನೆಯದರಲ್ಲಿ, ಅದು ಅತಿಥಿಯ ಪಾಲು. "ನನಗೆ ಗೊತ್ತಿರಲಿಲ್ಲ ಕಣೇ," ಎಂದು ಅವಳನ್ನು ತಬ್ಬಿಕೊಂಡೆ. ಆದರೆ ನಾನೂ ಅವಮಾನವಾಯಿತೆಂದು ಉರಿದುಬಿದ್ದಿದ್ದೆ ಎಂಬುದನ್ನು ಮಾತ್ರ ಬಾಯಿಬಿಡಲಿಲ್ಲ. ತವರಿನ ಜಂಬ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅದರ ಬದಲು ನನ್ನ ಫಿಲ್ಟರನ್ನೂ, ಅಮ್ಮ ಕಳಿಸಿದ್ದ ಪುಡಿಯಲ್ಲಿ ಉಳಿದಿದ್ದಷ್ಟನ್ನೂ ಅವಳಿಗೆ ಕೊಟ್ಟು, ಡಿಕಾಕ್ಷನ್ ಇಳಿಸುವುದನ್ನು ಹೇಳಿಕೊಟ್ಟೆ.

ಲಿನ್ ಮತ್ತೆ ಕರೆದಳು. "ಇವತ್ತು ನಿಮ್ಮ ಕಾಫಿ!" ಹೇಳಿಕೊಟ್ಟದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಫಿಲ್ಟರಿನ ಕೆಳಗೆ ಗಟ್ಟಿ ಡಿಕಾಕ್ಷನ್ ನಿಂತಿತ್ತು. ಅದರ ವಾಸನೆಗೇ ನನಗೆ ಮೈಸೂರಿನ ಬೆಳಗಾಯಿತು. ಅವಳು ಫಿಲ್ಟರ್ ಬಿಚ್ಚಿ, ನನ್ನತ್ತ ನೋಡಿ ಪ್ರೀತಿಯಿಂದ ನಕ್ಕು, ಅದನ್ನಷ್ಟೂ ಸಿಂಕಿಗೆ ಸುರಿದಳು. ಪುಡಿಯ ಮೇಲೆ ಮತ್ತೆ ನೀರು ಹುಯ್ದು ಕಾದಳು. ಇಳಿದದ್ದಕ್ಕೆ ಬಿಸಿ ಹಾಲು ಬೆರೆಸಿ ಎರಡೂ ಕೈಯಲ್ಲಿ ನನಗೆ ಕೊಟ್ಟಳು. "ಒಳ್ಳೇದು ನಿನಗೆ," ಎಂದಳು.

ಇವರು ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯೆತ್ತಿ, ಒಂದು ಗುಟುಕೂ ಬಿಡದೆ ಕುಡಿದೆ.

"ಹೇಗಿದೆ?" ಎಂದಳು ಲಿನ್.

"ಇಂಥ ಕಾಫಿ ನನಗೆ ಇದುವರೆಗೂ ಯಾರೂ ಕೊಟ್ಟಿಲ್ಲ," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ ಖಾಲಿ ಲೋಟವನ್ನು ಅವಳ ಮುಂದೆ ಚಾಚಿದೆ. "ಇನ್ನೊಂದು ಸ್ವಲ್ಪ ಹಾಕು."