ಮಗು ಮಲಗಿದೆ, ಮೆಲ್ಲಗೆ ಮಾತಾಡಿ

ಮಕ್ಕಳ ಕಿವಿ ಪರೀಕ್ಷೆ ಮಾಡುವವಳ ಪಾಡು ನಗೆಪಾಟಲು. ಬೊಮ್ಮನಹಳ್ಳಿಯ ನಮ್ಮ ಕ್ಲಿನಿಕ್ಕಿನಲ್ಲಿ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತದೆ. ನಗುತ್ತೇನೆ, ಆಮೇಲೆ ಊಟ ಸೇರುವುದಿಲ್ಲ. ಒಂದೇ ಮಗುವಿನ ಮೂರು ಪ್ರಸಂಗ ಹೇಳುತ್ತೇನೆ.

೧. ಯಾರು ಮಲಗಬೇಕು

ಜಿಗಣಿಯಿಂದ ಒಬ್ಬ ತಾಯಿ ಎರಡು ವರ್ಷದ ಮಗಳನ್ನು ಕರೆತಂದಳು. ಊರು ಯಾದಗಿರಿ ಕಡೆ, ಗಂಡನಿಗೆ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕೆಲಸ. ಮಗುವಿಗೆ ಇನ್ನೂ ಮಾತು ಬಂದಿಲ್ಲ. "ಒಮ್ಮೆ ಅವ್ವಾ ಅಂದ್ರ ಸಾಕ್ರಿ ಮೇಡಂ" ಅಂದಳು.

ಮಗು ನಿದ್ದೆಯಲ್ಲಿರುವಾಗ ತಲೆಗೆ ತಂತಿ ಅಂಟಿಸಿ ಕಿವಿಗೆ ಶಬ್ದ ಬಿಟ್ಟರೆ, ಅದು ಮೆದುಳಿಗೆ ಮುಟ್ಟಿತೋ ಇಲ್ಲವೋ ಅಂತ ನಮ್ಮ ಮಿಷನ್ ತೋರಿಸುತ್ತದೆ. ಅದಕ್ಕೇ "ನಸುಕಿಗೇ ಎಬ್ಬಿಸಿ, ಇಲ್ಲಿಗೆ ಬರೋವರೆಗೂ ಮಲಗೋಕೆ ಬಿಡ್ಬೇಡಿ" ಅಂದಿದ್ದೆ.

ಮಗು ಬಸ್ಸಿನಲ್ಲೇ ನಿದ್ದೆ ಮುಗಿಸಿಕೊಂಡು ಬಂತು. ತಾಯಿ ಮಂಚದ ಮೇಲೆ ಪಕ್ಕದಲ್ಲಿ ಒರಗಿ ಬೆನ್ನು ತಟ್ಟಿದಳು. ಐದು ನಿಮಿಷಕ್ಕೆ ಗೊರಕೆ ಕೇಳಿಸಿತು. ಹೋಗಿ ನೋಡಿದರೆ ಮಗು ಎದ್ದು ಕೂತು ನನ್ನ ತಂತಿಗಳನ್ನು ಅವ್ವನ ಜಡೆಗೆ ಸಿಕ್ಕಿಸುತ್ತಿತ್ತು.

೨. ಓನರಮ್ಮನ ಪರೀಕ್ಷೆ

ಎರಡನೇ ಸಲ ಅವರ ಬಾಡಿಗೆ ಮನೆಯ ಓನರಮ್ಮನೂ ಜೊತೆಗೆ ಬಂದರು. "ಈ ಮಗೀಗೆ ಚೆನ್ನಾಗಿ ಕೇಳ್ತದೆ ಕಣವ್ವ. ಬಾಗ್ಲು ಬಡಿದ್ರೆ ಇಂಗೆ ತಿರುಗ್ತದೆ" ಎಂದು ನಮ್ಮ ಬಾಗಿಲನ್ನು ಧಡಾರನೆ ಹಾಕಿದರು. ಮಗು ತಿರುಗಿತು. ತಾಯಿಯ ಮುಖ ಅರಳಿತು.

ಬಾಗಿಲ ಗಾಳಿ ಬೀಸಿತ್ತು, ನೆಲ ಅದುರಿತ್ತು; ಸದ್ದು ಕೇಳದ ಮಗುವೂ ಅಷ್ಟಕ್ಕೇ ತಿರುಗುತ್ತದೆ. ಹಾಗಂತ ಹೇಳಿದ್ದಕ್ಕೆ ಓನರಮ್ಮ, "ಮೊದ್ಲು ನಿನ್ ಮಿಷನ್ ಸರಿಗೈತಾ ನೋಡು" ಅಂತ ಗದರಿದರು. ಮಗುವಿಗಂತೂ ಆಟ ಸಿಕ್ಕಿತು. ಮಲಗದೆ, ಮಧ್ಯಾಹ್ನದವರೆಗೂ ತಾನೇ ಬಾಗಿಲು ಬಡಿಯಿತು. ಕೊನೆಗೆ ಕಿವಿ ಮುಚ್ಚಿಕೊಂಡು ಹೊರಗೆ ಹೋದವರು ಓನರಮ್ಮ.

೩. ಸ್ಟೀಲ್ ಟ್ರೇ

ಮೂರನೇ ಸಲ ಮಗು ತಾಯಿಯ ಹೆಗಲ ಮೇಲೆ ನಿದ್ದೆ ಹೋಯಿತು. ನಾನು ಮೈಮೇಲೆ ಬಂದವಳ ಹಾಗೆ ಆಡಿದೆ. ಫೋನಿನಲ್ಲಿ ಮಾತಾಡುತ್ತಿದ್ದ ವಾಚ್‌ಮನ್ನನ್ನು ಬೈದು ರಸ್ತೆಗೆ ಕಳಿಸಿದೆ. ಆಯಾಳ ಕಾಲ್ಗೆಜ್ಜೆ ಬಿಚ್ಚಿಸಿದೆ. ಕಿರುಗುಡುವ ಫ್ಯಾನ್ ಆರಿಸಿದೆ. ಮಗುವನ್ನು ಮಂಚದ ಮೇಲೆ ಮಲಗಿಸಿ ತಂತಿ ಅಂಟಿಸಿ, ತುದಿಗಾಲಲ್ಲಿ ಹಿಂದೆ ಸರಿದೆ. ನನ್ನ ಮೊಣಕೈ ತಾಗಿ ಸ್ಟೀಲ್ ಟ್ರೇ, ಕತ್ತರಿ ಸಮೇತ, ಮಂಚದ ಪಕ್ಕದಲ್ಲೇ ಬಿತ್ತು. ರಸ್ತೆಯಲ್ಲಿದ್ದ ವಾಚ್‌ಮನ್ ಓಡಿ ಬಂದ.

ಮಗು ಮಿಸುಕಲಿಲ್ಲ.

"ಪುಣ್ಯಾರಿ ಮೇಡಂ, ಎಚ್ಚರಾಗ್ಲಿಲ್ಲ ಆಕಿಗೆ" ಎಂದು ತಾಯಿ ಎದೆ ಮೇಲೆ ಕೈಯಿಟ್ಟು ನಕ್ಕಳು. "ಅಬ್ಬಾ, ಬಚಾವಾದ್ವಿ" ಅಂತ ನಾನೂ ನಕ್ಕೆ. ನಗು ಇಬ್ಬರದೂ ಒಟ್ಟಿಗೇ ನಿಂತಿತು.

ಎಷ್ಟೋ ಮಕ್ಕಳು ಸದ್ದಿಗೆ ಏಳುವುದಿಲ್ಲ ಅಂತ ಸಮಾಧಾನ ಹೇಳಬಹುದಿತ್ತು. ಬಗ್ಗಿ ಕತ್ತರಿ ಎತ್ತಿಕೊಂಡೆ. ಮಿಷನ್ ಇನ್ನೂ ಆನ್ ಮಾಡಿರಲಿಲ್ಲ.

"ಇನ್ನೂ ಟೆಸ್ಟ್ ಮಾಡ್ತೀರೇನ್ರಿ?" ಆಕೆ ಪಿಸುಗುಟ್ಟಿದಳು.

"ಮಾಡ್ಬೇಕಮ್ಮ" ಅಂದೆ. ನಾನೂ ಪಿಸುಗುಟ್ಟಿಯೇ ಅಂದೆ, ಮಗುವಿಗೆ ಎಚ್ಚರವಾಗಬಾರದಲ್ಲ.