ಹವಾಯಿ ಚಪ್ಪಲಿಯ ಜರ್ಮನ್ ವಾಷರ್

ಜರ್ಮನಿಯಿಂದ ಪಂಪಿನ ಕಂಪನಿಯ ಯಜಮಾನನೇ ಕೊಪ್ಪಕ್ಕೆ ಬರುತ್ತಾನೆಂಬ ಸುದ್ದಿ ಕೇಳಿ ಊರಿಗೆಲ್ಲ ಖುಷಿಯಾಯಿತು. ಯೋಗೇಂದ್ರ ಮಾತ್ರ ಬೆಳಗಿನ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಕಾರಣ ಬಹಳ ಚಿಕ್ಕದು, ಒಂದು ರೂಪಾಯಿ ಬಿಲ್ಲೆಯಷ್ಟು. ತೋಟಕ್ಕೆ ಔಷಧಿ ಹೊಡೆಯುವ ಆ ಜರ್ಮನ್ ಪಂಪಿನ ವಾಷರ್ ಸವೆದರೆ ಹೊಸದು ಬರಲು ತಿಂಗಳು ಹಿಡಿಯುತ್ತಿತ್ತು. ಯೋಗೇಂದ್ರ ತನ್ನ ವರ್ಕ್‌ಶಾಪಿನಲ್ಲಿ ಹಳೇ ಹವಾಯಿ ಚಪ್ಪಲಿ ಕೊರೆದು ಅಂಥದ್ದೇ ವಾಷರ್ ಮಾಡಿದ. ಪಂಪಿನ ಏಜೆನ್ಸಿ ಹಿಡಿದಿದ್ದ ಧರ್ಮೇಶ್ ಅದನ್ನು ಕಂಪನಿಯ ಹೆಸರಿನ ಕವರಿಗೆ ಹಾಕಿ ಮಾರಿದ. ಎರಡು ವರ್ಷದಿಂದ ಅರ್ಧ ತಾಲ್ಲೂಕಿನ ಪಂಪುಗಳು ಚಪ್ಪಲಿಯ ದಯೆಯಿಂದಲೇ ನಡೆಯುತ್ತಿದ್ದವು.

"ಅಷ್ಟು ದೂರದಿಂದ ಸುಮ್ನೆ ಬರ್ತಾನಾ ಮಾರಾಯ?" ಎಂದ ಪಕ್ಕದ ಹೋಟೆಲಿನ ಮಂಜಯ್ಯ. "ಅಜ್ಜ ಒಂದು ಕೊಟ್ಟಿಗೇಲಿ ಸುರು ಮಾಡಿದ ಕಂಪನಿಯಂತೆ. ಅಪ್ಪ ಬೆಳೆಸಿದ್ದು. ಇವನು ಮೂರನೇ ತಲೆ. ಮನೆ ಹೆಸ್ರು ಕೆಡಿಸ್ದವರನ್ನ ಬಿಡ್ತಾನಾ?"

"ಯಾರು ಹೇಳಿದ್ರು ನಿಮಗೆ?"

"ಧರ್ಮೇಶನ ಅಂಗಡೀಲಿ ಎರಡು ಸಾವಿರದ ಆರರ ಕಂಪನಿ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಫೋಟೋ ಹಾಕಿದಾರೆ. ಕೊರಳ ತುಂಬಾ ಮೆಡಲ್. ಎಂತದೋ ಸ್ಪೋರ್ಟ್ಸ್ ಚಾಂಪಿಯನ್ನು."

ಎದುರಿನ ಟೈಲರ್ ಜಲಜಮ್ಮ ಹೊಲಿಗೆ ಬಿಟ್ಟು ಎದ್ದು ಬಂದಳು. "ಬಾಕ್ಸಿಂಗೇ ಇರ್ಬೇಕು. ಕತ್ತು ನೋಡಿದ್ರೆ ಗೊತ್ತಾಗ್ತದೆ."

"ಬಾಕ್ಸಿಂಗ್ ಆದ್ರೆ ಪರ್ವಾಗಿಲ್ಲ ಜಲಜಕ್ಕ. ಬಂದೂಕಿನ ಸ್ಪರ್ಧೆನೂ ಇರ್ತದಲ್ಲ," ಎಂದು ಮಂಜಯ್ಯ ಸಮಾಧಾನ ಹೇಳಿದ.

ವರ್ಕ್‌ಶಾಪಿಗೆ ಬೀಗ ಬಿದ್ದರೆ ಯೋಗೇಂದ್ರನಿಗೆ ಬೇರೆ ಗತಿಯಿರಲಿಲ್ಲ. ಪೊಲೀಸ್ ಜೀಪಿನಲ್ಲಿ ಕೂತು ಮನೆ ಮುಂದೆ ಹಾದುಹೋದರೆ ಹೆಂಡತಿ ಮಾಲತಿಗೆ ಮುಖ ತೋರಿಸುವುದಾದರೂ ಹೇಗೆ? ನಗುವ ಮಾತಲ್ಲ, ಮನುಷ್ಯ ನಿಜಕ್ಕೂ ಹೆದರಿ ಬೆವತುಹೋಗಿದ್ದ. ಇದ್ದಬದ್ದ ವಾಷರು, ಚಪ್ಪಲಿಗಳನ್ನೆಲ್ಲ ಗೊಬ್ಬರದ ಚೀಲಕ್ಕೆ ತುಂಬಿದ. ಎಲ್ಲಾದರೂ ಗುಂಡಿಗೆ ಹಾಕಿ ಬರೋಣವೆಂದು ಹೆಗಲಿಗೇರಿಸಿ ಹೊರಗೆ ಬಂದ.

ಧರ್ಮೇಶನ ಜೀಪು ಆಗಲೇ ಬಂದು ನಿಂತಿತು. ಅದರಿಂದ ಆರಡಿಯ ಬಿಳಿ ಮನುಷ್ಯನೊಬ್ಬ ಚಡ್ಡಿ, ಶೂ ಹಾಕಿಕೊಂಡು ಇಳಿದ.

"ಅವನೇ! ಓಡು ಯೋಗೇಂದ್ರ!" ಎಂದು ಜಲಜಮ್ಮ ಕಿರುಚಿದಳು.

ಯೋಗೇಂದ್ರ ಚೀಲ ಸಮೇತ ಹರಿಹರಪುರದ ದಾರಿ ಹಿಡಿದು ಓಡಿದ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಆ ಬಿಳಿ ದೊರೆ ಬಗ್ಗಿ ಶೂ ಲೇಸು ಬಿಗಿದುಕೊಂಡು ಬೆನ್ನಟ್ಟಿ ಬರುತ್ತಿದ್ದಾನೆ! ಯೋಗೇಂದ್ರ ಕಾಫಿ ತೋಟಕ್ಕೆ ನುಗ್ಗಿದ. ದೊರೆಯೂ ನುಗ್ಗಿದ. ಚರಂಡಿ ಹಾರಿದ, ಅವನೂ ಹಾರಿದ. ಗುಡ್ಡ ಹತ್ತಿ ಮತ್ತೆ ರಸ್ತೆಗಿಳಿದರೂ ಬೆನ್ನ ಹಿಂದೆ ಗಡಿಯಾರದ ಹಾಗೆ ಟಪ್ ಟಪ್ ಹೆಜ್ಜೆ ತಪ್ಪಲಿಲ್ಲ. ಮನುಷ್ಯನಿಗೆ ಏದುಸಿರೂ ಇಲ್ಲ. ನಡುನಡುವೆ ಏನೋ ಕೂಗುತ್ತಾನೆ, ಅದು ಯಾವ ದೇಶದ ಬೈಗುಳವೋ. ದೇವರೇ, ಗುಂಡು ಹಾರಿಸಿದರೆ ಬೆನ್ನಿಗೆ ಅಡ್ಡ ಚೀಲವಾದರೂ ಇದೆ ಎಂದುಕೊಂಡು ಯೋಗೇಂದ್ರ ಅದನ್ನು ಬಿಡದೆ ಓಡಿದ.

ಕೊನೆಗೆ ಒಂದು ಮೋರಿಯ ಹತ್ತಿರ ಕಾಲು ಸೋತು ಬಿದ್ದ. ದೊರೆ ಬಂದು ಎದುರು ನಿಂತ. ಅಷ್ಟರಲ್ಲಿ ಧರ್ಮೇಶನ ಜೀಪೂ ಬಂತು.

ಯೋಗೇಂದ್ರ ದೊರೆಯ ಎರಡೂ ಕಾಲು ತಬ್ಬಿಕೊಂಡು ಗೊಳೋ ಎಂದು ಅತ್ತ. "ಚಪ್ಪಲಿ ಕೊರೆದಿದ್ದು ನಾನೇ ಸ್ವಾಮಿ! ಕವರಿಗೆ ಹಾಕಿದ್ದು ಇವ್ರು! ಇನ್ನು ಜನ್ಮದಲ್ಲಿ ಮಾಡಲ್ಲ! ಧರ್ಮೇಶಣ್ಣ, ಒಂದಕ್ಷರ ಬಿಡದೆ ಇಂಗ್ಲಿಷಲ್ಲಿ ಹೇಳಿ!"

ಧರ್ಮೇಶನ ಮುಖ ಸುಣ್ಣದಂತಾಯಿತು. ಬೆವರು ಒರೆಸಿಕೊಂಡು ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದ. ಕೇಳುತ್ತ ಕೇಳುತ್ತ ದೊರೆಯ ಕಣ್ಣು ತುಂಬಿದವು. ಯೋಗೇಂದ್ರನನ್ನು ಎತ್ತಿ ಗಟ್ಟಿಯಾಗಿ ಅಪ್ಪಿಕೊಂಡ.

"ಕ್ಷಮಿಸಿದ್ರಾ ಧರ್ಮೇಶಣ್ಣ?"

"ಅವನಿಗೆ ವಾಷರ್ ವಿಷ್ಯನೇ ಗೊತ್ತಿಲ್ಲ ಮಾರಾಯ," ಎಂದು ಧರ್ಮೇಶ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ಬಂದದ್ದು ಊರು ನೋಡೋಕೆ. ಅವನು ದೂರದ ಓಟದ ಚಾಂಪಿಯನ್ನು. ಜೊತೆಗೆ ಓಡೋಕೆ ಒಬ್ರೂ ಸಿಗಲ್ಲ ಅಂತ ಬೇಜಾರಲ್ಲಿದ್ದ. ನೀನು ಮೂಟೆ ಹೊತ್ಕೊಂಡು ಓಡಿದ್ದು ನೋಡಿ ಮರುಳಾಗಿದಾನೆ."

"ಮತ್ತೆ ನಾನು ಹೇಳಿದ್ದು?"

"ಅದನ್ನ ಹೇಳಿದ್ರೆ ಇಬ್ರೂ ಜೈಲಿಗೆ! ನೀನು ಕಾಲು ಹಿಡ್ಕೊಂಡು ಅತ್ತಿದ್ದಕ್ಕೆ ಏನಾದ್ರೂ ಅರ್ಥ ಹೇಳ್ಬೇಕಲ್ಲ. ನೀವು ಇಲ್ಲಿರೋಷ್ಟು ದಿನ ನನ್ನನ್ನೂ ಜೊತೆಗೆ ಓಡಿಸ್ಕೊಳ್ಳಿ ಅಂತ ಇವನು ಬೇಡ್ಕೊಳ್ತಿದಾನೆ ಅಂದೆ."

"ಎಷ್ಟು ದಿನ ಇರ್ತಾನೆ?"

"ಮೂರು ವಾರ. ನಾಳೆ ಶೃಂಗೇರಿ ತನಕ ಅಂತೆ."

ಯೋಗೇಂದ್ರ ಮನೆಗೆ ಹೋಗಿ ಮಲಗಿದರೆ ಸಾಕೆಂದು ಜೀಪು ಹತ್ತಲು ಕಾಲೆತ್ತಿದ. ಧರ್ಮೇಶ್ ದಡಾರನೆ ಬಾಗಿಲು ಹಾಕಿಕೊಂಡ.

"ಎಲ್ಲಿಗೆ ಹತ್ತೋದು? ಅಲ್ಲಿ ನೋಡು, ವಾಪಸ್ ಓಡೋಕೆ ಕಾಯ್ತಿದಾನೆ. ಮೂಟೆ ಎತ್ಕೋ."