ಪರಾತದ ನೀರಿನಲ್ಲಿ ಆಮೆಮರಿ

"ಗೊತ್ತಿಲ್ಲ" ಎಂಬ ಮಾತಿಗೆ ಇರುವುದು ಮೂರೇ ಅಕ್ಷರ. ಆದರೆ ಮಾಸ್ತರಿಕೆಗೆ ಸೇರಿದ ದಿನವೇ ಅದು ನನ್ನ ಬಾಯಿ ಬಿಟ್ಟು ಹೊರಟುಹೋಯಿತು. ಸಂತೆಯಲ್ಲಿ ಯಾರಾದರೂ ಎತ್ತಿನ ವಯಸ್ಸು ಕೇಳಿದರೆ ಹೇಳಿಬಿಡುತ್ತೇನೆ, ಮಳೆ ಎಂದು ಬಂದೀತು ಎಂದರೂ ಹೇಳುತ್ತೇನೆ. ತಪ್ಪಿದರೆ ಅದು ಎತ್ತಿನ ತಪ್ಪು, ಇಲ್ಲವೇ ಮಳೆಯ ತಪ್ಪು. ಹೀಗೆ ಸುಖವಾಗಿ ಸಾಗಿದ್ದ ನನ್ನ ಬದುಕಿಗೆ ಅಡ್ಡ ಬಂದದ್ದು ಒಂದು ಆಮೆಮರಿ. ನಿಂಬೆಹಣ್ಣನ್ನು ಹೋಳು ಮಾಡಿ ಬೋರಲು ಹಾಕಿದರೆ ಎಷ್ಟಿರುತ್ತದೋ ಅಷ್ಟಿತ್ತು.

ಆಗ ನಾನು ಜಮಖಂಡಿಯಲ್ಲಿದ್ದೆ. ಸಂಸ್ಥಾನದ ಸಾಲೆ ಮುಂಬಯಿ ಸರಕಾರದ ಸಾಲೆಯಾಗಿ ಎರಡು ಮಳೆಗಾಲ ಕಳೆದಿದ್ದವು. ಬೋರ್ಡು ಬದಲಾಗಿತ್ತು, ಸೋರುವ ಹಂಚು ಬದಲಾಗಿರಲಿಲ್ಲ. ನಮ್ಮದು ಕುರಿ ಕಾಯುವ ಮನೆತನ. ಆದರೆ ಆರನೆಯ ವರ್ಷಕ್ಕೇ ನನ್ನನ್ನು ಬೋರ್ಡಿಂಗಿಗೆ ಸೇರಿಸಿದ್ದರಿಂದ ಕುರಿಗೆ ನಾಲ್ಕು ಕಾಲು ಎಂಬುದನ್ನೂ ನಾನು ಪುಸ್ತಕ ನೋಡಿಯೇ ಕಲಿತವನು. ಹೆಂಡತಿ ಮಾಳವ್ವ ಬೀಳಗಿ ಕಡೆಯವಳು, ಗಂಡನ ಮನೆಗೆ ನಡೆಯಲು ಬಂದು ಹದಿನೈದು ದಿನವಾಗಿತ್ತು. ಅಷ್ಟು ದಿನಗಳಲ್ಲಿ ಅವಳು ನನ್ನೊಡನೆ ಆಡಿದ್ದು "ಹೂಂರಿ" ಮತ್ತು "ಊಟಕ್ಕ ಏಳ್ರಿ" ಎಂಬ ಎರಡೇ ಮಾತು. ನನ್ನ ವಿದ್ಯೆಯ ಮೇಲಿನ ಗೌರವದಿಂದ ಅವಳ ಬಾಯಿ ಕಟ್ಟಿದೆ ಎಂದು ನಾನು ತಿಳಿದಿದ್ದೆ.

ಒಂದು ಮುಂಜಾನೆ ಮಾವ ಬಂದರು. ಕಂಬಳಿಯ ಮಡಿಕೆ ಬಿಚ್ಚಿ ಮರಿಯನ್ನು ನನ್ನ ಅಂಗೈಯಲ್ಲಿಟ್ಟರು. "ಗುಡ್ಡದಾಗ ಸಿಕ್ತರಿ. ಇರುವಿ ಮುತ್ತಿದ್ದುವು. ಮಗಳಿಗೆ ಬ್ಯಾಸರ ಆಗಬಾರದಂತ ತಂದ್ನಿ. ಇದೂ ಅಕಿ ಹಂಗನ, ಬಾಯಿ ಬಿಡೂದಿಲ್ಲ. ಆದ್ರ ಎಲ್ಲಾ ನೋಡತೈತಿ. ಇದನ್ನ ಹ್ಯಾಂಗ ಇಡಬೇಕಂದ್ರ..."

"ನನಗ ಗೊತ್ತೈತಿ ಮಾವಾ," ಎಂದೆ. "ಪ್ರತಿ ವರ್ಷ ಹುಡುಗರಿಗೆ ಇದನ್ನ ಕಲಿಸ್ತೇನಿ."

ಓದಿದ ಅಳಿಯನ ಮುಂದೆ ಹೆಚ್ಚು ಮಾತು ತರವಲ್ಲವೆಂದು ಮಾವ ಮುಂದಿನ ಸಂತೆಗೆ ಬರುವುದಾಗಿ ಹೇಳಿ ಮೋಟಾರು ಹಿಡಿಯಲು ಹೋದರು. ನಾನು ರೊಟ್ಟಿಯ ಹಿಟ್ಟು ನಾದುವ ಪರಾತವನ್ನು ಅಂಗಳಕ್ಕೆ ತಂದು, ನಾಲ್ಕು ಬೆರಳು ನೀರು ಹಾಕಿ ಮರಿಯನ್ನು ಬಿಟ್ಟೆ. ಅದು ಸೀದಾ ತಳಕ್ಕೆ ಹೋಯಿತು. ಆಮೇಲೆ ನಾಲ್ಕೂ ಕಾಲು ಜೋರಾಗಿ ಆಡಿಸತೊಡಗಿತು.

"ನೋಡು, ಹ್ಯಾಂಗ ಈಜಾಕತ್ತೈತಿ! ನಾ ಬರೂತನಾ ಯಾರೂ ಮುಟ್ಟಬ್ಯಾಡ್ರಿ," ಎಂದೆ, ಮನೆಯಲ್ಲಿ ಹತ್ತು ಮಂದಿ ಇದ್ದವರಂತೆ.

ಮಾಳವ್ವ ಪರಾತ ನೋಡಿದಳು, ನನ್ನನ್ನು ನೋಡಿದಳು. ಏನೋ ಹೇಳಲು ತುಟಿ ಬಿಚ್ಚಿದಳು. ಆಮೇಲೆ "ಹೂಂರಿ" ಎಂದಳು.

ಸಾಲೆಗೆ ಹೋದವನು ಅದೇ ಉಮೇದಿನಲ್ಲಿ ಹಲಗೆಯ ಮೇಲೆ ಆಮೆಯ ಚಿತ್ರ ಬರೆದೆ. ಮನೆಯ ಮರಿಯನ್ನು ನೆನೆದು ಕಾಲುಗಳನ್ನು ದಪ್ಪಗೆ, ಮೊಂಡಾಗಿ ತಿದ್ದಿ, ಕೆಳಗೆ "ಆಮೆಯು ನೀರಿನಲ್ಲಿ ವಾಸಿಸುತ್ತದೆ" ಎಂದು ಬರೆದೆ. ಅಷ್ಟರಲ್ಲಿ ಸಿಪಾಯಿ ಬಾಳಪ್ಪ ಹೆಡ್‌ಮಾಸ್ತರರ ನೋಟೀಸು ತಂದ. ನಾನು ಸಹಿ ಮಾಡುವವರೆಗೆ ಅವನು ಹಲಗೆಯನ್ನೇ ನೋಡುತ್ತ ನಿಂತಿದ್ದ.

"ಚಿತ್ರ ಖರೆ ಐತ್ರಿ ಮಾಸ್ತರ, ಬರದದ್ದು ಸುಳ್ಳೈತಿ. ಇವು ಆನಿ ಕಾಲಿನಂಥವು. ಇದು ಅಡವಿ ಆಮಿ. ನೀರಾಮಿಗೆ ಬೆರಳ ನಡುವ ತೊಗಲು ಇರತೈತಿ."

"ಅಡವಿ ಆಮಿ ನೀರಾಗ ಇದ್ರ ಏನಾಗತೈತಿ?" ಎಂದೆ.

"ದೊಡ್ಡದಿದ್ರ ಹ್ಯಾಂಗರ ದಂಡಿ ಹಿಡೀತೈತಿ. ಮರಿ ಇದ್ರ ಸಾಯತೈತ್ರಿ."

ಹಲಗೆಗೆ ಬರೆಯುವ ಖಡುವನ್ನು ಅಲ್ಲೇ ಬಿಟ್ಟು ಓಡಿದೆ. ಆಗ ತಾನೇ ಬಿದ್ದ ಮಳೆಗೆ ಓಣಿಯೆಲ್ಲ ಕೆಸರು. ಒಂದು ಕೈಯಲ್ಲಿ ಧೋತರದ ಚುಂಗು, ಇನ್ನೊಂದರಲ್ಲಿ ಚಪ್ಪಲಿ. ಕಣ್ಣ ಮುಂದೆ ಆ ನಾಲ್ಕು ಕಾಲು. ಅದು ಈಜಿರಲಿಲ್ಲ, ಕೈಕಾಲು ಬಡಿದು ಕೂಗಿತ್ತು. ನಾನು ಅದನ್ನು ತೋರಿಸಿ ಹಿಗ್ಗಿದ್ದೆ. ಪೇಟೆಯಲ್ಲಿ ಇಬ್ಬರು ಹಮಾಲರು, "ಯಾಕ್ರಿ ಮಾಸ್ತರ, ಏನಾತು?" ಎಂದು ಕೂಗಿದರು. "ಮನ್ಯಾಗ ಮುಳುಗಾಕತ್ತೈತಿ!" ಎಂದೆ. ಮುಳುಗಿದ್ದು ಏನೆಂದು ಹೇಳಲು ಉಸಿರಿರಲಿಲ್ಲ. ಯಾರೋ ಬಾವಿಗೆ ಬಿದ್ದಿದ್ದಾರೆಂದು ಅವರು ಹಗ್ಗ ಹೊತ್ತು ಬೆನ್ನು ಹತ್ತಿದರು.

ಅಂಗಳದ ಪರಾತದಲ್ಲಿ ನೀರು ತಣ್ಣಗೆ ನಿಂತಿತ್ತು. ಮರಿ ಇರಲಿಲ್ಲ. ಒಳಗೆ ಒಲೆಯ ಮುಂದೆ ಮಾಳವ್ವ ಕೂತಿದ್ದಳು. ಅಂಗೈಯನ್ನು ಓರೆ ಮಾಡಿ, ಮೂಗು ಕೆಳಗಾಗುವಂತೆ ಮರಿಯನ್ನು ಹಿಡಿದಿದ್ದಳು. ಅದರ ಕುತ್ತಿಗೆ ಹೊರಗೆ ಜೋತು ಬಿದ್ದಿತ್ತು, ಕಣ್ಣು ಮುಚ್ಚಿತ್ತು.

"ಸತ್ತೈತೇನ?"

"ಸುಮ್ನ ನಿಂದರ್ರಿ," ಎಂದಳು. ನಿಂತೆ. ಹಿಂದೆ ಹಮಾಲರೂ ಹಗ್ಗ ಹಿಡಿದು ನಿಂತರು.

ಅವಳು ಸೆರಗಿನ ತುದಿಯಿಂದ ಅದರ ಮೂಗು ಒರೆಸಿದಳು. ಮುಂಗಾಲನ್ನು ಮೆಲ್ಲಗೆ ಎಳೆದಳು, ಬಿಟ್ಟಳು. ಮತ್ತೆ ಎಳೆದಳು, ಬಿಟ್ಟಳು. ಒಲೆಯಲ್ಲಿ ಒಂದು ಕಟ್ಟಿಗೆ ಪೂರಾ ಉರಿದು ಬೂದಿಯಾಯಿತು. ನನ್ನ ಮದುವೆಯೂ ಅದರೊಡನೆ ಉರಿಯುತ್ತಿದೆ ಎನಿಸಿತು. ಆಗ ಮರಿಯ ಮೂಗಿನ ತುದಿಯಲ್ಲಿ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದು ಒಡೆಯಿತು. ಕಾಲು, ಅವಳು ಎಳೆಯದೆಯೇ, ತಾನಾಗಿ ಒಳಗೆ ಹೋಯಿತು.

"ಆತು, ಉಳೀತು," ಎಂದ ಒಬ್ಬ ಹಮಾಲ. ಇನ್ನೊಬ್ಬ ಹಗ್ಗ ನೋಡಿದ, ಮರಿಯನ್ನು ನೋಡಿದ, ನನ್ನನ್ನು ನೋಡಿದ. ಇಬ್ಬರೂ ಹಗ್ಗ ಸುತ್ತಿಕೊಂಡು ಹೋದರು. ಅವರ ನಗು ಓಣಿಯ ತಿರುವಿನವರೆಗೂ ಕೇಳಿಸಿತು.

ಮಾಳವ್ವನ ಕಣ್ಣಲ್ಲಿ ನೀರಿತ್ತು. "ಅದು ಮುಳುಗೂದು ನೋಡಕೋತ ಕುಂತಿದ್ನಿರಿ! ಮಾಸ್ತರು ಹೇಳ್ಯಾರ, ಪುಸ್ತಕದಾಗ ಇರಬೇಕಂತ ಕುಂತಿದ್ನಿ. ಸಣ್ಣಾಕಿದ್ದಾಗಿಂದ ಇವನ್ನ ನೋಡೀನಿ, ಆದ್ರೂ ಕುಂತಿದ್ನಿ! ಕಾಲು ಆಡಿಸೂದು ನಿಂತ ಮ್ಯಾಲ ತಗದ್ನಿ. ಹೋಗಿದ್ರ?"

"ಮೊದಲ ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?"

ಹದಿನೈದು ದಿನದಲ್ಲಿ ಅವಳು ನನ್ನನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಬೋರ್ಡಿಂಗಿನಲ್ಲಿ ಬೈಸಿಕೊಂಡದ್ದುಂಟು, ಇಷ್ಟು ಸರಿಯಾಗಿ ಯಾರೂ ಬೈದಿರಲಿಲ್ಲ. ಅಂದಿನಿಂದ ಮರಿಯ ಕಾರುಬಾರು ಅವಳದಾಯಿತು. ಹಿತ್ತಿಲ ಮಣ್ಣಿನಲ್ಲಿ ಒಡಕು ಗಡಿಗೆಯ ನೆರಳು, ಹತ್ತರಕಿ ಸೊಪ್ಪು, ಒಂದೊಂದು ದಾಸವಾಳದ ಎಸಳು. ಮೂರು ದಿನ ಅದು ಏನನ್ನೂ ಮುಟ್ಟಲಿಲ್ಲ. ಆ ಮೂರು ದಿನ ನನಗೂ ಊಟ ಸೇರಲಿಲ್ಲ. ನಾಲ್ಕನೆಯ ದಿನ ಎಸಳಿನ ಅಂಚಿನಲ್ಲಿ ಸಣ್ಣದೊಂದು ಕಚ್ಚು ಕಂಡಿತು. "ಬರ್ರಿಲ್ಲೆ, ನೋಡ್ರಿ!" ಎಂದು ಮಾಳವ್ವ ಇಡೀ ಓಣಿಗೆ ಕೇಳುವಂತೆ ಕರೆದಳು.

ಸಂತೆಯ ದಿನ ಮಾವ ಬಂದರು. ಸೊಪ್ಪು ಮೇಯುತ್ತಿದ್ದ ಮರಿಯನ್ನು ನೋಡಿ, "ಓದಿದವರ ಕೈ ಅಂದ್ರ ಕೈರಿ! ಇಷ್ಟು ಸಣ್ಣವು ಬದುಕೂದು ಭಾಳ ಕಮ್ಮಿ," ಎಂದರು.

ನಾನು ಮಾಳವ್ವನತ್ತ ನೋಡಿದೆ. ಅವಳು ಮುಖ ಒಂದಿಷ್ಟೂ ಸಡಿಲಿಸದೆ, "ಹೌದಪಾ, ಭಾಳ ಜ್ವಾಕಿ ಮಾಡ್ಯಾರ," ಎಂದು ಒಳಗೆ ಹೋದಳು.

ಇದ್ದದ್ದನ್ನು ಇದ್ದಂತೆ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕುತ್ತಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ.

"ಆಮಿಯೊಳಗ ಎರಡು ಜಾತಿ ನೋಡ್ರಿ ಮಾವಾ," ಎಂದು ಶುರು ಮಾಡಿದೆ. "ನೀರಾಮಿಗೆ ಬೆರಳ ನಡುವ ತೊಗಲು ಇರತೈತಿ..."

ನಲವತ್ತು ವರ್ಷ ಕುರಿಯ ಹಿಂದೆ ಗುಡ್ಡ ತಿರುಗಿದ ಆ ಮನುಷ್ಯ ಕೈಕಟ್ಟಿ ಕೇಳುತ್ತ ನಿಂತರು.